ಚಂದ್ರಕಕ್ಷೆಯ ನಿರ್ವಹಣೆ

ಚಂದ್ರಕಕ್ಷೆಯ ನಿರ್ವಹಣೆ ಎಂದರೆ ಚಂದ್ರನನ್ನು ಸುತ್ತುತ್ತಿರುವ ಕೃತಕ ಉಪಗ್ರಹವು ತನಗೆ ಗೊತ್ತುಪಡಿಸಿದ ಎತ್ತರ ಮತ್ತು ಪಥವನ್ನು ಬಿಟ್ಟು ಸರಿಯದಂತೆ, ಕೊನೆಗೆ ಚಂದ್ರನ ನೆಲಕ್ಕೆ ಅಪ್ಪಳಿಸದಂತೆ ಕಾಪಾಡುವ ಕ್ರಮ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲವೆನ್ನುವಷ್ಟು ತೆಳು. ಆದ್ದರಿಂದ ಭೂಮಿಯ ಸಮೀಪದ ಉಪಗ್ರಹಗಳನ್ನು ಕೆಳಗೆಳೆಯುವ ವಾಯುಘರ್ಷಣೆ ಅಲ್ಲಿ ಇಲ್ಲ. ಆದರೂ ಚಂದ್ರನ ಬಹುತೇಕ ತಗ್ಗಿನ ಕಕ್ಷೆಗಳು ತಾವಾಗಿ ಉಳಿಯುವುದಿಲ್ಲ. ಚಂದ್ರನ ಗುರುತ್ವಕ್ಷೇತ್ರ ಏಕರೂಪವಾಗಿಲ್ಲದಿರುವುದೂ, ಹತ್ತಿರದಲ್ಲೇ ಇರುವ ಭೂಮಿಯ ಸೆಳೆತವೂ ಇದಕ್ಕೆ ಮುಖ್ಯ ಕಾರಣಗಳು. ಭಾರತದ ಚಂದ್ರಯಾನ ಸರಣಿಯ ನೌಕೆಗಳ ಕಕ್ಷೆಯನ್ನು ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ, ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಆಂಟೆನಾಗಳ ಮೂಲಕ ನಿರ್ವಹಿಸಲಾಗಿದೆ.

ಮೂಲ ಸಂಗತಿಗಳು

ಚಂದ್ರನ ಸರಾಸರಿ ತ್ರಿಜ್ಯ 1,737 ಕಿ.ಮೀ. ಭೂಮಿಯಿಂದ ಅದರ ಸರಾಸರಿ ದೂರ 3,84,400 ಕಿ.ಮೀ. ಚಂದ್ರನ ನೆಲದಿಂದ 100 ಕಿ.ಮೀ. ಎತ್ತರದಲ್ಲಿ ವೃತ್ತಾಕಾರವಾಗಿ ಸುತ್ತುವ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 1.63 ಕಿ.ಮೀ. ಇದ್ದು, ಒಂದು ಸುತ್ತಿಗೆ ಸುಮಾರು 118 ನಿಮಿಷ ಹಿಡಿಯುತ್ತದೆ. 200 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 2 ಗಂಟೆ 8 ನಿಮಿಷ ಬೇಕು.

ಚಂದ್ರನ ಎರಡೂ ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಗೆ ಧ್ರುವೀಯ ಕಕ್ಷೆ ಎಂದು ಹೆಸರು. ಇಂತಹ ಕಕ್ಷೆಯ ಸಮತಲವು ನಕ್ಷತ್ರಗಳ ಹಿನ್ನೆಲೆಯಲ್ಲಿ ಹೆಚ್ಚುಕಡಿಮೆ ಕದಲದೆ ನಿಲ್ಲುತ್ತದೆ. ಅದರ ಕೆಳಗೆ ಚಂದ್ರ 27.3 ದಿನಗಳಿಗೊಮ್ಮೆ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಉಪಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸುಮಾರು 1.1 ಡಿಗ್ರಿ ತಿರುಗಿರುತ್ತದೆ, ಅಂದರೆ ಸಮಭಾಜಕ ವೃತ್ತದ ಬಳಿ ಸುಮಾರು 33 ಕಿ.ಮೀ. ನೆಲ ಸರಿದಿರುತ್ತದೆ. ಹೀಗೆ ತಿಂಗಳೊಳಗೆ ಚಂದ್ರನ ಮೇಲ್ಮೈಯ ಪ್ರತಿಯೊಂದು ಭಾಗವೂ ನೌಕೆಯ ಕೆಳಗೆ ಹಾದುಹೋಗುತ್ತದೆ. ಚಂದ್ರನ ನಕ್ಷೆ ತಯಾರಿಸುವ ನೌಕೆಗಳು ಧ್ರುವೀಯ ಕಕ್ಷೆಯನ್ನೇ ಆಯ್ದುಕೊಳ್ಳುವುದು ಈ ಕಾರಣಕ್ಕೆ.

ಭೂಮಿಯ ಭೂಸ್ಥಿರ ಕಕ್ಷೆಯಂತೆ, ಚಂದ್ರನ ಒಂದೇ ಸ್ಥಳದ ಮೇಲೆ ಸದಾ ನಿಂತಂತೆ ಕಾಣುವ ಕಕ್ಷೆ ಸಾಧ್ಯವಿಲ್ಲ. ಚಂದ್ರನ ನಿಧಾನಗತಿಯ ಭ್ರಮಣೆಗೆ ಹೊಂದಿಕೊಳ್ಳಲು ಉಪಗ್ರಹವು ಚಂದ್ರನ ಕೇಂದ್ರದಿಂದ ಸುಮಾರು 88,000 ಕಿ.ಮೀ. ದೂರದಲ್ಲಿರಬೇಕಾಗುತ್ತದೆ. ಆದರೆ ಚಂದ್ರನ ಹಿಡಿತ ಭೂಮಿಯ ಸೆಳೆತವನ್ನು ಮೀರಿ ಉಳಿಯುವುದು ಸುಮಾರು 60,000 ಕಿ.ಮೀ.ವರೆಗೆ ಮಾತ್ರ.

ಕಕ್ಷೆ ಕೆಡಲು ಕಾರಣಗಳು

ದ್ರವ್ಯರಾಶಿಯ ಸಾಂದ್ರತಾ ಪ್ರದೇಶಗಳು

ಚಂದ್ರನ ಒಳಗೆ ದ್ರವ್ಯರಾಶಿ ಸಮನಾಗಿ ಹರಡಿಲ್ಲ. ಬರಿಗಣ್ಣಿಗೆ ಕಪ್ಪು ಕಲೆಗಳಂತೆ ಕಾಣುವ ಹಲವು ವಿಶಾಲ ಬಯಲುಗಳ ಕೆಳಗೆ ಹೆಚ್ಚು ಸಾಂದ್ರವಾದ ವಸ್ತು ತುಂಬಿದೆ. ಇವನ್ನು ‘ಮ್ಯಾಸ್ಕಾನ್’ ಎಂದು ಕರೆಯುತ್ತಾರೆ. ಬಹು ಹಿಂದೆ ದೊಡ್ಡ ಕಾಯಗಳು ಅಪ್ಪಳಿಸಿ ಉಂಟಾದ ಬೋಗುಣಿಗಳ ತಳದಲ್ಲಿ ಸಾಂದ್ರವಾದ ಒಳಪದರ ಮೇಲಕ್ಕೆ ಉಬ್ಬಿ, ಹಲವೆಡೆ ಅದರ ಮೇಲೆ ಲಾವಾ ಹರಿದು ಗಟ್ಟಿಯಾದುದರಿಂದ ಇವು ರೂಪುಗೊಂಡಿವೆ. ಇಂಬ್ರಿಯಮ್, ಸೆರೆನಿಟಾಟಿಸ್, ಕ್ರಿಸಿಯಮ್, ನೆಕ್ಟಾರಿಸ್ ಮತ್ತು ಹ್ಯೂಮೋರಮ್ ಬಯಲುಗಳ ಮ್ಯಾಸ್ಕಾನ್‌ಗಳು ಪ್ರಮುಖವಾದವು. 1968ರಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಪಾಲ್ ಮುಲ್ಲರ್ ಮತ್ತು ವಿಲಿಯಂ ಶೋಗ್ರೆನ್ ಅವರು ಲೂನಾರ್ ಆರ್ಬಿಟರ್ ನೌಕೆಗಳ ವೇಗದಲ್ಲಿ ಕಂಡ ಸಣ್ಣ ಏರುಪೇರುಗಳಿಂದ ಇವುಗಳ ಇರವನ್ನು ಗುರುತಿಸಿದರು.

ಗೋಡೆಯ ನೇರ ನೋಡಲು ಗಾರೆ ಕೆಲಸದವರು ಬಳಸುವ ತೂಗುಗುಂಡನ್ನು ದೊಡ್ಡ ಮ್ಯಾಸ್ಕಾನ್ ಒಂದರ ಅಂಚಿನಲ್ಲಿ ಇಳಿಬಿಟ್ಟರೆ ಅದು ಲಂಬದಿಂದ ಸುಮಾರು ಮೂರನೇ ಒಂದು ಡಿಗ್ರಿಯಷ್ಟು ವಾಲುತ್ತದೆ. ಮೇಲೆ ಹಾದುಹೋಗುವ ಉಪಗ್ರಹವೂ ಇದೇ ಸೆಳೆತಕ್ಕೆ ಒಳಗಾಗುತ್ತದೆ. ಒಂದು ಸುತ್ತಿನಲ್ಲಿ ಇದರ ಪರಿಣಾಮ ಅಲ್ಪ. ಆದರೆ ತಿಂಗಳಿಗೆ ಮುನ್ನೂರಕ್ಕೂ ಹೆಚ್ಚು ಸುತ್ತು ಹಾಕುವ ನೌಕೆ ಅದೇ ಪ್ರದೇಶಗಳ ಮೇಲೆ ಮತ್ತೆ ಮತ್ತೆ ಹಾಯುವುದರಿಂದ ಈ ಅಲ್ಪ ಪರಿಣಾಮಗಳು ಕೂಡುತ್ತಾ ಹೋಗುತ್ತವೆ.

ಭೂಮಿಯ ಸೆಳೆತ

ಎತ್ತರ ಹೆಚ್ಚಿದಂತೆ ಮ್ಯಾಸ್ಕಾನ್‌ಗಳ ಪ್ರಭಾವ ಬೇಗನೆ ಕುಗ್ಗುತ್ತದೆ. ಅದರ ಬದಲು ಭೂಮಿಯ ಸೆಳೆತ ಮೇಲುಗೈ ಪಡೆಯುತ್ತದೆ. ಸಾವಿರಾರು ಕಿ.ಮೀ. ಎತ್ತರದ ಕಕ್ಷೆಯ ಸಮತಲವು ಭೂಮಿ–ಚಂದ್ರರ ಸಮತಲಕ್ಕೆ ಸುಮಾರು 39 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ವೃತ್ತಾಕಾರದ ಕಕ್ಷೆಯೂ ಕ್ರಮೇಣ ಉದ್ದನೆಯ ದೀರ್ಘವೃತ್ತವಾಗುತ್ತದೆ. ಈ ಪರಿಣಾಮಕ್ಕೆ ಲಿಡೋವ್ ಮತ್ತು ಕೊಝಾಯ್ ಎಂಬ ವಿಜ್ಞಾನಿಗಳ ಹೆಸರಿದೆ. ಹೀಗಾಗಿ ನೌಕೆಯನ್ನು ಎತ್ತರಕ್ಕೆ ಏರಿಸುವುದೊಂದೇ ಸ್ಥಿರತೆಗೆ ಪರಿಹಾರವಲ್ಲ.

ಇತರ ಕಾರಣಗಳು

ಸೂರ್ಯನ ಸೆಳೆತ ಮತ್ತು ಸೂರ್ಯಪ್ರಕಾಶದ ಒತ್ತಡಗಳ ಪಾಲು ತೀರ ಸಣ್ಣದು. ನೌಕೆಯ ದಿಕ್ಕನ್ನು ನಿಯಂತ್ರಿಸುವ ಚಕ್ರಗಳ ವೇಗ ಮಿತಿ ಮುಟ್ಟಿದಾಗ ಅವುಗಳನ್ನು ನಿಧಾನಗೊಳಿಸಲು ಸಣ್ಣ ಥ್ರಸ್ಟರ್‌ಗಳನ್ನು ಉರಿಸಬೇಕಾಗುತ್ತದೆ. ಇದರಿಂದಲೂ ಕಕ್ಷೆ ಸ್ವಲ್ಪ ಕದಲುತ್ತದೆ.

ಕಕ್ಷೆಯ ಆಕಾರದಲ್ಲಿ ಬದಲಾವಣೆ

ಗಾಳಿಯ ಘರ್ಷಣೆಗೆ ಸಿಕ್ಕ ಉಪಗ್ರಹ ಶಕ್ತಿಯನ್ನು ಕಳೆದುಕೊಂಡು ಸುರುಳಿಯಾಗಿ ಇಳಿಯುತ್ತದೆ. ಚಂದ್ರನಲ್ಲಿ ನಡೆಯುವುದು ಬೇರೆ. ಅಲ್ಲಿ ಕಕ್ಷೆಯ ಸರಾಸರಿ ಗಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದು, ಆಕಾರ ಮಾತ್ರ ಬದಲಾಗುತ್ತದೆ. ಒಂದು ಬದಿಯಲ್ಲಿ ನೌಕೆ ಎಷ್ಟು ಕೆಳಗಿಳಿಯುತ್ತದೆಯೋ ಎದುರು ಬದಿಯಲ್ಲಿ ಅಷ್ಟೇ ಮೇಲೇರುತ್ತದೆ. ನೆಲಕ್ಕೆ ಅತಿ ಸಮೀಪದ ಸ್ಥಾನವನ್ನು ನೀಚಬಿಂದು ಎಂದೂ, ಅತಿ ದೂರದ ಸ್ಥಾನವನ್ನು ಉಚ್ಚಬಿಂದು ಎಂದೂ ಕರೆಯಲಾಗುತ್ತದೆ.

100 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ತ್ರಿಜ್ಯ 1,837 ಕಿ.ಮೀ. ಕಕ್ಷೆ ವೃತ್ತದಿಂದ ಎಷ್ಟು ಸೋತಿದೆ ಎಂಬುದನ್ನು ಸೂಚಿಸುವ ಉತ್ಕೇಂದ್ರತೆ ಸೊನ್ನೆಯಿಂದ ಕೇವಲ 0.054ಕ್ಕೆ ಏರಿದರೆ ನೀಚಬಿಂದು ಚಂದ್ರನ ನೆಲವನ್ನೇ ಮುಟ್ಟುತ್ತದೆ. ಚಂದ್ರನ ಅತ್ಯುನ್ನತ ಪ್ರದೇಶ ಸರಾಸರಿ ಮಟ್ಟಕ್ಕಿಂತ 10 ಕಿ.ಮೀ.ಗೂ ಎತ್ತರವಿರುವುದರಿಂದ ಅಪಾಯ ಅದಕ್ಕೂ ಮೊದಲೇ ಎದುರಾಗಬಹುದು. ಕಣ್ಣಿಗೆ ವೃತ್ತದಂತೆಯೇ ತೋರುವ ಕಕ್ಷೆಯೂ ಹೀಗೆ ನೌಕೆಗೆ ಮಾರಕವಾಗಬಲ್ಲದು.

ಸ್ಥಿರ ಕಕ್ಷೆಗಳು

ಕಕ್ಷೆಯ ಓರೆ, ಆಕಾರ ಮತ್ತು ನೀಚಬಿಂದುವಿನ ಸ್ಥಾನಗಳನ್ನು ಸರಿಯಾಗಿ ಆಯ್ದರೆ ಚಂದ್ರನ ಗುರುತ್ವದ ವಿವಿಧ ಪರಿಣಾಮಗಳು ಪರಸ್ಪರ ಕಳೆದುಹೋಗುತ್ತವೆ. ಆಗ ಕಕ್ಷೆಯ ಆಕಾರ ದೀರ್ಘಕಾಲ ಕೆಡದೆ ನಿಲ್ಲುತ್ತದೆ. ಇಂತಹವನ್ನು ‘ಫ್ರೋಜನ್’ ಕಕ್ಷೆಗಳೆನ್ನುತ್ತಾರೆ. ತಗ್ಗಿನ ಕಕ್ಷೆಗಳಲ್ಲಿ ಸುಮಾರು 27, 50, 76 ಮತ್ತು 86 ಡಿಗ್ರಿ ಓರೆಗಳು ಈ ಗುಣಕ್ಕೆ ಹೆಸರಾಗಿವೆ. ಇವುಗಳಲ್ಲಿ 86 ಡಿಗ್ರಿಯದು ಬಹುಮಟ್ಟಿಗೆ ಧ್ರುವೀಯ ಕಕ್ಷೆಯೇ.

ಎತ್ತರದ ಕಕ್ಷೆಗಳಲ್ಲಿ ಭೂಮಿಯ ಸೆಳೆತವನ್ನೇ ಲೆಕ್ಕಕ್ಕೆ ಹಿಡಿದು ಸ್ಥಿರವಾದ ದೀರ್ಘವೃತ್ತಗಳನ್ನು ಆಯ್ದುಕೊಳ್ಳಲಾಗುತ್ತದೆ. 2024ರ ಮಾರ್ಚ್‌ನಲ್ಲಿ ಉಡಾವಣೆಗೊಂಡ ಚೀನಾದ ಕ್ವೆಚ್ಯಾವ್-2 ಸಂಪರ್ಕ ಉಪಗ್ರಹ ಇಂತಹ 24 ಗಂಟೆ ಅವಧಿಯ ಕಕ್ಷೆಯಲ್ಲಿದ್ದು, ಬಹುಪಾಲು ಸಮಯ ದಕ್ಷಿಣ ಧ್ರುವಕ್ಕೆ ಕಾಣುವಂತಿರುತ್ತದೆ. ಭೂಮಿ ಮತ್ತು ಚಂದ್ರ ಎರಡರ ಗುರುತ್ವವನ್ನೂ ಬಳಸುವ, ಸುಮಾರು ಆರೂವರೆ ದಿನಗಳ ಅವಧಿಯ ಇನ್ನೊಂದು ಬಗೆಯ ಕಕ್ಷೆಯನ್ನು ಅಮೆರಿಕದ ಕ್ಯಾಪ್‌ಸ್ಟೋನ್ ನೌಕೆ 2022ರ ನವೆಂಬರ್‌ನಲ್ಲಿ ಪ್ರವೇಶಿಸಿತು.

ಯಾವ ಕಕ್ಷೆ ಸ್ಥಿರವೋ ಅದೇ ಉಪಯುಕ್ತವೆಂದಲ್ಲ. ಸ್ಥಿರವಾದ ಓರೆಗಳಲ್ಲಿ ಕೆಲವು ಧ್ರುವಗಳನ್ನು ತೋರಿಸುವುದಿಲ್ಲ. ಸ್ಥಿರವಾದ ದೀರ್ಘವೃತ್ತದಲ್ಲಿ ಕ್ಯಾಮೆರಾ ಎಲ್ಲೆಡೆ ಒಂದೇ ಎತ್ತರದಿಂದ ಚಿತ್ರ ತೆಗೆಯಲಾರದು. ಆದ್ದರಿಂದ ವೈಜ್ಞಾನಿಕ ಅಗತ್ಯಕ್ಕೂ ಇಂಧನದ ಉಳಿತಾಯಕ್ಕೂ ನಡುವೆ ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ.

ಆರಂಭಿಕ ಅನುಭವಗಳು

1971ರ ಆಗಸ್ಟ್ 4ರಂದು ಅಪೊಲೊ 15ರ ಯಾತ್ರಿಗಳು ಚಂದ್ರನ ಕಕ್ಷೆಯಲ್ಲಿ ಸಣ್ಣ ಉಪಗ್ರಹವೊಂದನ್ನು ಬಿಟ್ಟರು. ಸುಮಾರು 28 ಡಿಗ್ರಿ ಓರೆಯಲ್ಲಿದ್ದ ಅದು 1973ರ ಆರಂಭದವರೆಗೂ ಕೆಲಸ ಮಾಡಿತು. 1972ರ ಏಪ್ರಿಲ್ 24ರಂದು ಅಪೊಲೊ 16 ಅದರ ಜೋಡಿ ಉಪಗ್ರಹವನ್ನು ಸುಮಾರು 11 ಡಿಗ್ರಿ ಓರೆಯ ಕಕ್ಷೆಗೆ ಬಿಟ್ಟಿತು. ಅದರ ಕಕ್ಷೆ ಬಿಟ್ಟ ಕ್ಷಣದಿಂದಲೇ ಆಕಾರ ಬದಲಿಸತೊಡಗಿತು. ಎರಡೂವರೆ ವಾರಗಳಲ್ಲಿ ಅದು ನೆಲದಿಂದ ಕೇವಲ 10 ಕಿ.ಮೀ. ಎತ್ತರಕ್ಕೆ ಇಳಿದು, ಬಳಿಕ ಮತ್ತೆ ಮೇಲೇರಿ, ಮೇ 29ರಂದು 425 ಸುತ್ತುಗಳ ನಂತರ ಚಂದ್ರನಿಗೆ ಅಪ್ಪಳಿಸಿತು. ಒಂದೇ ಬಗೆಯ ಎರಡು ಉಪಗ್ರಹಗಳಲ್ಲಿ ಒಂದು ಒಂದೂವರೆ ವರ್ಷ ದುಡಿಯಿತು, ಇನ್ನೊಂದು 35 ದಿನಗಳಲ್ಲಿ ನಾಶವಾಯಿತು. ಇವೆರಡರ ನಡುವಿನ ನಿರ್ಣಾಯಕ ವ್ಯತ್ಯಾಸ ಕಕ್ಷೆಯದಾಗಿತ್ತು.

ಚಂದ್ರನ ಆಚೆಬದಿಯ ಗುರುತ್ವವನ್ನು ಅಳೆಯುವುದು ಬಹುಕಾಲ ಸಾಧ್ಯವಾಗಲಿಲ್ಲ. ಆ ಬದಿಯಲ್ಲಿರುವ ನೌಕೆಯ ಸಂಕೇತಗಳು ನೇರವಾಗಿ ಭೂಮಿಗೆ ತಲುಪುವುದಿಲ್ಲ. 2007ರಲ್ಲಿ ಉಡಾವಣೆಗೊಂಡ ಜಪಾನಿನ ಕಗುಯಾ ನೌಕೆ ಜೊತೆಗೊಯ್ದ ಸಣ್ಣ ಉಪಗ್ರಹದ ಮೂಲಕ ಸಂಕೇತಗಳನ್ನು ದಾಟಿಸಿ ಈ ಕೊರತೆಯನ್ನು ನೀಗಿಸಿತು. ಅಮೆರಿಕದ ಗ್ರೇಲ್ ಯೋಜನೆಯ ಅವಳಿ ನೌಕೆಗಳು 2012ರಲ್ಲಿ ಒಂದರ ಹಿಂದೊಂದು ಸಾಗುತ್ತಾ, ತಮ್ಮ ನಡುವಿನ ಅಂತರದಲ್ಲಾಗುವ ಅತಿಸೂಕ್ಷ್ಮ ಬದಲಾವಣೆಯನ್ನು ಅಳೆದು ಚಂದ್ರನ ಗುರುತ್ವದ ವಿವರವಾದ ನಕ್ಷೆಯನ್ನು ಒದಗಿಸಿದವು.

ನಿರ್ವಹಣೆಯ ವಿಧಾನ

ಕಕ್ಷೆಯನ್ನು ತಿಳಿಯುವುದು

ನೌಕೆ ಎಲ್ಲಿದೆ ಎಂಬುದನ್ನು ರೇಡಿಯೊ ಸಂಕೇತಗಳಿಂದ ಲೆಕ್ಕ ಹಾಕಲಾಗುತ್ತದೆ. ಭೂಕೇಂದ್ರ ಕಳುಹಿಸಿದ ಸಂಕೇತವನ್ನು ನೌಕೆ ಹಿಂದಿರುಗಿಸುತ್ತದೆ. ಹೋಗಿಬರಲು ಹಿಡಿದ ಸುಮಾರು ಎರಡೂವರೆ ಸೆಕೆಂಡುಗಳ ಅವಧಿಯನ್ನು ನಿಖರವಾಗಿ ಅಳೆದರೆ ದೂರ ತಿಳಿಯುತ್ತದೆ. ಡಾಪ್ಲರ್ ಪರಿಣಾಮದಿಂದ ಸಂಕೇತದ ಆವರ್ತಾಂಕದಲ್ಲಾದ ಬದಲಾವಣೆಯು ನೌಕೆ ಹತ್ತಿರ ಬರುವ ಅಥವಾ ದೂರ ಸರಿಯುವ ವೇಗವನ್ನು ತಿಳಿಸುತ್ತದೆ. ಈ ಅಳತೆಗಳನ್ನು ಚಂದ್ರನ ಗುರುತ್ವದ ನಕ್ಷೆಯೊಂದಿಗೆ ಹೊಂದಿಸಿ ಮುಂದಿನ ದಿನಗಳ ಪಥವನ್ನು ಊಹಿಸಲಾಗುತ್ತದೆ.

100 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಯ ಅಂಚು ಭೂಮಿಯ ಕಡೆಗಿದ್ದಾಗ ಪ್ರತಿ ಸುತ್ತಿನಲ್ಲೂ ಸುಮಾರು 46 ನಿಮಿಷ ನೌಕೆ ಚಂದ್ರನ ಮರೆಯಲ್ಲಿರುತ್ತದೆ. ಸುಮಾರು ಒಂದು ವಾರದ ಬಳಿಕ ಕಕ್ಷೆಯ ಮುಖ ಭೂಮಿಯ ಕಡೆ ತಿರುಗಿದಾಗ ನೌಕೆ ಮರೆಯಾಗದೆ ಸುತ್ತುತ್ತದೆ.

ಕಕ್ಷೆಯನ್ನು ತಿದ್ದುವುದು

ನೀಚಬಿಂದು ನಿಗದಿತ ಮಿತಿಗಿಂತ ಕೆಳಗಿಳಿಯುವ ಮುನ್ನ ಥ್ರಸ್ಟರ್‌ಗಳನ್ನು ಉರಿಸಿ ವೇಗವನ್ನು ಬದಲಿಸಲಾಗುತ್ತದೆ. ಕಕ್ಷೆಯ ಒಂದು ಬಿಂದುವಿನಲ್ಲಿ ವೇಗವನ್ನು ಹೆಚ್ಚಿಸಿದರೆ ಅದರ ನೇರ ಎದುರಿನ ಬಿಂದು ಮೇಲೇರುತ್ತದೆ, ತಗ್ಗಿಸಿದರೆ ಕೆಳಗಿಳಿಯುತ್ತದೆ. 100 ಕಿ.ಮೀ. ಕಕ್ಷೆಯಲ್ಲಿ ಸೆಕೆಂಡಿಗೆ ಕೇವಲ 1 ಮೀಟರ್‌ನಷ್ಟು ವೇಗ ಬದಲಾದರೂ ಎದುರಿನ ಬಿಂದುವಿನ ಎತ್ತರ ಸುಮಾರು 4.5 ಕಿ.ಮೀ.ಯಷ್ಟು ಬದಲಾಗುತ್ತದೆ. ಉಚ್ಚಬಿಂದುವಿನಲ್ಲಿ ವೇಗ ಹೆಚ್ಚಿಸಿ ನೀಚಬಿಂದುವನ್ನು ಎತ್ತುವುದು, ನೀಚಬಿಂದುವಿನಲ್ಲಿ ವೇಗ ತಗ್ಗಿಸಿ ಉಚ್ಚಬಿಂದುವನ್ನು ಇಳಿಸುವುದು, ಹೀಗೆ ಜೋಡಿ ಉರಿಸುವಿಕೆಗಳಿಂದ ಕಕ್ಷೆಯನ್ನು ಮತ್ತೆ ವೃತ್ತಕ್ಕೆ ತರಲಾಗುತ್ತದೆ.

ಒಂದು ಟನ್ ತೂಕದ ನೌಕೆಯ ವೇಗವನ್ನು ಸೆಕೆಂಡಿಗೆ 1 ಮೀಟರ್‌ನಷ್ಟು ಬದಲಿಸಲು ಸುಮಾರು ಮೂರನೇ ಒಂದು ಕಿಲೋಗ್ರಾಂ ಇಂಧನ ಬೇಕು. ಕಕ್ಷೆ ತಗ್ಗಾದಷ್ಟೂ ಈ ವೆಚ್ಚ ಏರುತ್ತದೆ. 2009ರಲ್ಲಿ ಉಡಾವಣೆಗೊಂಡ ಅಮೆರಿಕದ ಲೂನಾರ್ ರೆಕನೈಸೆನ್ಸ್ ಆರ್ಬಿಟರ್, ಅಂದರೆ ಎಲ್‌ಆರ್‌ಒ, ಆರಂಭದಲ್ಲಿ 50 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ತಿಂಗಳಿಗೊಮ್ಮೆ ಕಕ್ಷೆ ತಿದ್ದಿಕೊಳ್ಳುತ್ತಿತ್ತು. 2011ರ ಡಿಸೆಂಬರ್‌ನಲ್ಲಿ ಅದನ್ನು ದಕ್ಷಿಣ ಧ್ರುವದ ಬಳಿ ತಗ್ಗಾಗಿಯೂ ಉತ್ತರದಲ್ಲಿ ಎತ್ತರವಾಗಿಯೂ ಇರುವ, ಬಹುಮಟ್ಟಿಗೆ ಸ್ಥಿರವಾದ ಕಕ್ಷೆಗೆ ಬದಲಾಯಿಸಲಾಯಿತು. ಉಳಿದ ಇಂಧನದ ಬಾಳಿಕೆಯನ್ನು ಹೆಚ್ಚಿಸುವುದು ಇದರ ಉದ್ದೇಶವಾಗಿತ್ತು.

ಬ್ಯಾಲಾಳು ಮತ್ತು ಚಂದ್ರಯಾನಗಳು

ಚಂದ್ರಯಾನ-1ರ ಸಂಪರ್ಕಕ್ಕಾಗಿ ಇಸ್ರೋ ಬ್ಯಾಲಾಳುವಿನಲ್ಲಿ ಭಾರತೀಯ ದೂರಾಂತರಿಕ್ಷ ಜಾಲವನ್ನು ಸ್ಥಾಪಿಸಿತು. ಅಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಆಂಟೆನಾಗಳಿವೆ. ಅಲ್ಲಿ ಬರುವ ಮಾಹಿತಿಯನ್ನು ಆಧರಿಸಿ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕಕ್ಷೆಯ ಲೆಕ್ಕಾಚಾರ ನಡೆದು ನೌಕೆಗೆ ಆದೇಶಗಳು ಹೋಗುತ್ತವೆ. ಬೆಂಗಳೂರಿನ ಆಗಸದಲ್ಲಿ ಚಂದ್ರ ಮುಳುಗಿದ ಬಳಿಕವೂ ಸಂಪರ್ಕ ತಪ್ಪದಂತೆ ಇತರ ದೇಶಗಳ ಭೂಕೇಂದ್ರಗಳ ನೆರವನ್ನು ಪಡೆಯಲಾಗುತ್ತದೆ.

ಚಂದ್ರಯಾನ-1

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಚಂದ್ರಯಾನ-1 ನವೆಂಬರ್ 8ರಂದು ಚಂದ್ರನ ಕಕ್ಷೆಯನ್ನು ಸೇರಿತು. ಎಂಜಿನ್ ಸುಮಾರು 817 ಸೆಕೆಂಡುಗಳ ಕಾಲ ಉರಿದು ವೇಗ ತಗ್ಗಿಸಿದ ಬಳಿಕ ದೊರೆತ ಮೊದಲ ಕಕ್ಷೆಯ ನೀಚಬಿಂದು 504 ಕಿ.ಮೀ., ಉಚ್ಚಬಿಂದು 7,502 ಕಿ.ಮೀ. ಇದ್ದವು. ಮುಂದಿನ ದಿನಗಳಲ್ಲಿ ಹಂತಹಂತವಾಗಿ ಇಳಿಸಿ, ನವೆಂಬರ್ 12ರಂದು ಅದನ್ನು 100 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಗೆ ತರಲಾಯಿತು.

2009ರ ಮೇ 19ರಂದು ಕಕ್ಷೆಯನ್ನು 200 ಕಿ.ಮೀ.ಗೆ ಏರಿಸಲಾಯಿತು. ಹೆಚ್ಚಿನ ಎತ್ತರದಲ್ಲಿ ಕಕ್ಷೆಯ ವಿಚಲನೆ ಮತ್ತು ಗುರುತ್ವದ ಏರುಪೇರುಗಳ ಅಧ್ಯಯನ, ಹೆಚ್ಚು ಅಗಲದ ನೆಲದ ಚಿತ್ರಣ ಇದರ ಉದ್ದೇಶವೆಂದು ಇಸ್ರೋ ತಿಳಿಸಿತು. ಆ ವೇಳೆಗೆ ನಕ್ಷತ್ರಗಳನ್ನು ನೋಡಿ ದಿಕ್ಕನ್ನು ಗುರುತಿಸುವ ಸಂವೇದಕಗಳು ಕೆಟ್ಟಿದ್ದವು. ಎರಡು ವರ್ಷಗಳ ಅವಧಿಗೆ ಯೋಜಿಸಿದ್ದ ನೌಕೆಯ ಸಂಪರ್ಕ 312 ದಿನಗಳ ನಂತರ, 2009ರ ಆಗಸ್ಟ್ 29ರ ಬೆಳಗಿನ ಜಾವ ಕಡಿದುಹೋಯಿತು. ಅಷ್ಟರಲ್ಲಿ ಅದು ಚಂದ್ರನನ್ನು 3,400ಕ್ಕೂ ಹೆಚ್ಚು ಬಾರಿ ಸುತ್ತಿತ್ತು.

ಆ ಬಳಿಕ ಅದರ ಕಕ್ಷೆಯನ್ನು ತಿದ್ದುವ ದಾರಿ ಇರಲಿಲ್ಲ. ಮ್ಯಾಸ್ಕಾನ್‌ಗಳ ಸೆಳೆತಕ್ಕೆ ಸಿಕ್ಕಿ ಅದು ಎಂದೋ ಚಂದ್ರನಿಗೆ ಅಪ್ಪಳಿಸಿರುವ ಸಾಧ್ಯತೆಯೂ ಇತ್ತು. 2016ರ ಜುಲೈ 2ರಂದು ಅಮೆರಿಕದ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾದಿಂದ ಚಂದ್ರನ ಉತ್ತರ ಧ್ರುವದ ಮೇಲಿನ ಒಂದು ಬಿಂದುವಿನತ್ತ ಸೂಕ್ಷ್ಮತರಂಗಗಳನ್ನು ಕಳುಹಿಸಿ, ಮರಳುವ ಪ್ರತಿಫಲನಕ್ಕಾಗಿ ಗ್ರೀನ್ ಬ್ಯಾಂಕ್‌ನ 100 ಮೀಟರ್ ದೂರದರ್ಶಕದಲ್ಲಿ ಕಾದರು. ಧ್ರುವೀಯ ಕಕ್ಷೆಯ ನೌಕೆ ಉಳಿದಿದ್ದರೆ ಪ್ರತಿ ಸುತ್ತಿನಲ್ಲೂ ಆ ಬಿಂದುವಿನ ಬಳಿ ಹಾಯಲೇಬೇಕಿತ್ತು. ನಾಲ್ಕು ಗಂಟೆಗಳಲ್ಲಿ ಒಂದು ಸಣ್ಣ ವಸ್ತು ಎರಡು ಬಾರಿ ಹಾದುಹೋಯಿತು. ಎರಡರ ನಡುವಿನ ಅಂತರ ಚಂದ್ರಯಾನ-1ರ ಸುತ್ತಿನ ಅವಧಿಗೆ ಹೊಂದುತ್ತಿತ್ತು. ಮುಂದಿನ ತಿಂಗಳುಗಳ ವೀಕ್ಷಣೆಗಳು ಇದನ್ನು ದೃಢಪಡಿಸಿದವು. 2017ರ ಮಾರ್ಚ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನೌಕೆಯ ಕಕ್ಷೆಯ ಗಾತ್ರ ಮತ್ತು ದಿಕ್ಕು ನಿರೀಕ್ಷೆಯಂತೆಯೇ ಉಳಿದಿದ್ದವು. ಕಕ್ಷೆಯ ಮೇಲೆ ನೌಕೆಯ ಸ್ಥಾನ ಮಾತ್ರ 2009ರ ಮಾಹಿತಿಯಿಂದ ಲೆಕ್ಕ ಹಾಕಿದ್ದಕ್ಕಿಂತ ಸುಮಾರು 180 ಡಿಗ್ರಿ, ಅಂದರೆ ಅರ್ಧ ಸುತ್ತಿನಷ್ಟು ವ್ಯತ್ಯಾಸವಾಗಿತ್ತು. ಸಂಪರ್ಕ ಕಡಿದ ಸುಮಾರು ಏಳು ವರ್ಷಗಳಲ್ಲಿ ಅದು ಅಂದಾಜು 28,000 ಸುತ್ತುಗಳನ್ನು ಹಾಕಿತ್ತು. ಸುಮಾರು ಒಂದೂವರೆ ಮೀಟರ್ ಗಾತ್ರದ ಈ ನೌಕೆ ಯಾರ ಆಸರೆಯೂ ಇಲ್ಲದೆ ಅಷ್ಟು ಕಾಲ ಉಳಿದುದಕ್ಕೆ ಅದರ ಕಕ್ಷೆಯ ಎತ್ತರ ನೆರವಾಯಿತು. 100 ಕಿ.ಮೀ. ಎತ್ತರದಲ್ಲೇ ಉಳಿದು ತಿದ್ದುಪಡಿ ಕಾಣದ ಧ್ರುವೀಯ ಕಕ್ಷೆ ಕೆಲವೇ ತಿಂಗಳುಗಳಲ್ಲಿ ನೆಲ ಮುಟ್ಟಬಲ್ಲದು.

ಚಂದ್ರಯಾನ-2

2019ರ ಜುಲೈ 22ರಂದು ಹೊರಟ ಚಂದ್ರಯಾನ-2 ಆಗಸ್ಟ್ 20ರಂದು 114 × 18,072 ಕಿ.ಮೀ. ಕಕ್ಷೆಯನ್ನು ಸೇರಿತು. ನಾಲ್ಕು ಹಂತಗಳಲ್ಲಿ ತಗ್ಗಿಸಿದ ಬಳಿಕ ಸೆಪ್ಟೆಂಬರ್ 1ರಂದು ಕಕ್ಷೆ 119 × 127 ಕಿ.ಮೀ. ಆಯಿತು. ಸೆಪ್ಟೆಂಬರ್ 2ರಂದು ಬೇರ್ಪಟ್ಟ ವಿಕ್ರಮ್ ಲ್ಯಾಂಡರ್ 7ರಂದು ಇಳಿಯುವಾಗ ವಿಫಲವಾಯಿತು. ಕಕ್ಷಾಗಾಮಿ ನೌಕೆ ಮಾತ್ರ ಸುಮಾರು 100 ಕಿ.ಮೀ. ಧ್ರುವೀಯ ಕಕ್ಷೆಯಲ್ಲಿ ಕೆಲಸ ಮುಂದುವರಿಸಿತು. ಅದರ ಆಯುಷ್ಯವನ್ನು ಮೊದಲು ಒಂದು ವರ್ಷವೆಂದು ಯೋಜಿಸಲಾಗಿತ್ತು. ಉಡಾವಣೆ ಮತ್ತು ಪಯಣ ನಿಖರವಾಗಿ ನಡೆದು ಇಂಧನ ಉಳಿದುದರಿಂದ ಅದು ಸುಮಾರು ಏಳು ವರ್ಷ ಬಾಳಬಹುದೆಂದು ಇಸ್ರೋ ಬಳಿಕ ಅಂದಾಜಿಸಿತು.

ಚಂದ್ರಯಾನ-3

ಚಂದ್ರಯಾನ-3 2023ರ ಆಗಸ್ಟ್ 5ರಂದು 164 × 18,074 ಕಿ.ಮೀ. ಕಕ್ಷೆಯನ್ನು ಸೇರಿ, ಆಗಸ್ಟ್ 16ರ ವೇಳೆಗೆ 153 × 163 ಕಿ.ಮೀ. ಕಕ್ಷೆಗೆ ಇಳಿಯಿತು. ಮರುದಿನ ಲ್ಯಾಂಡರ್ ಬೇರ್ಪಟ್ಟು, ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ನೋದನ ಘಟಕದಲ್ಲಿ 100 ಕಿಲೋಗ್ರಾಂಗೂ ಹೆಚ್ಚು ಇಂಧನ ಉಳಿದಿತ್ತು. ಅದನ್ನು ಬಳಸಿ ಅಕ್ಟೋಬರ್ 9ರಂದು ಉಚ್ಚಬಿಂದುವನ್ನು 5,112 ಕಿ.ಮೀ.ಗೆ ಏರಿಸಿ, ಅಕ್ಟೋಬರ್ 13ರಂದು ಘಟಕವನ್ನು ಭೂಮಿಯ ಕಡೆಗೆ ತಿರುಗಿಸಲಾಯಿತು. ನವೆಂಬರ್ 10ರಂದು ಅದು ಚಂದ್ರನ ಪ್ರಭಾವವಲಯದಿಂದ ಹೊರಬಂದಿತು. ಕೆಲಸ ಮುಗಿದ ಘಟಕ ಹತೋಟಿ ತಪ್ಪಿ ಚಂದ್ರನಿಗೆ ಅಪ್ಪಳಿಸದಂತೆ ನೋಡಿಕೊಳ್ಳುವುದು ಈ ಪ್ರಯೋಗದ ಉದ್ದೇಶಗಳಲ್ಲಿ ಒಂದಾಗಿತ್ತು.

ಘರ್ಷಣೆಯ ಅಪಾಯ

ಚಂದ್ರನ ಧ್ರುವೀಯ ಕಕ್ಷೆಗಳೆಲ್ಲವೂ ಧ್ರುವಗಳ ಬಳಿ ಒಂದನ್ನೊಂದು ಸಂಧಿಸುವುದರಿಂದ ಅಲ್ಲಿ ನೌಕೆಗಳು ಪರಸ್ಪರ ಸಮೀಪಿಸುವ ಸಂಭವ ಹೆಚ್ಚು. 2021ರ ಅಕ್ಟೋಬರ್ 20ರಂದು ಚಂದ್ರಯಾನ-2 ಮತ್ತು ಎಲ್‌ಆರ್‌ಒ ಉತ್ತರ ಧ್ರುವದ ಸಮೀಪದಲ್ಲಿ ಬಹಳ ಹತ್ತಿರ ಬರಲಿವೆ ಎಂದು ಇಸ್ರೋ ಮತ್ತು ನಾಸಾ ಒಂದು ವಾರ ಮೊದಲೇ ಲೆಕ್ಕ ಹಾಕಿದ್ದವು. ಎತ್ತರದ ದಿಕ್ಕಿನಲ್ಲಿ ಅವುಗಳ ಅಂತರ 100 ಮೀಟರಿಗಿಂತ ಕಡಿಮೆ ಇರುವುದೆಂದೂ, ಅತಿ ಸಮೀಪದ ದೂರ ಸುಮಾರು 3 ಕಿ.ಮೀ. ಎಂದೂ ಅಂದಾಜಿಸಲಾಗಿತ್ತು. ಎರಡೂ ಸಂಸ್ಥೆಗಳ ಒಪ್ಪಿಗೆಯಂತೆ ಅಕ್ಟೋಬರ್ 18ರ ರಾತ್ರಿ 8.22ಕ್ಕೆ ಚಂದ್ರಯಾನ-2ರ ಕಕ್ಷೆಯನ್ನು ಬದಲಿಸಿ ಅಪಾಯವನ್ನು ತಪ್ಪಿಸಲಾಯಿತು.

ಕಾರ್ಯಾವಧಿಯ ಅಂತ್ಯ

ಇಂಧನ ತೀರುವುದಕ್ಕೆ ಮುನ್ನ ನೌಕೆಯ ಕೊನೆಯನ್ನು ನಿರ್ಧರಿಸಬೇಕಾಗುತ್ತದೆ. 1998ರಲ್ಲಿ ಹೊರಟ ಲೂನಾರ್ ಪ್ರಾಸ್ಪೆಕ್ಟರ್, ಕಗುಯಾ ಮತ್ತು ಗ್ರೇಲ್ ನೌಕೆಗಳನ್ನು ಉದ್ದೇಶಪೂರ್ವಕವಾಗಿ ಚಂದ್ರನ ನೆಲಕ್ಕೆ ಇಳಿಸಿ ಕೊನೆಗಾಣಿಸಲಾಯಿತು. ಸ್ಥಿರ ಕಕ್ಷೆಯಲ್ಲಿ ಬಿಡುವುದು ಇಲ್ಲವೇ ಚಂದ್ರಯಾನ-3ರ ನೋದನ ಘಟಕದಂತೆ ಚಂದ್ರನಿಂದ ಹೊರಗೆ ಸಾಗಿಸುವುದು ಉಳಿದ ಮಾರ್ಗಗಳು. ಹತೋಟಿಯಿಲ್ಲದ ನೌಕೆಯೊಂದು ಇತರ ನೌಕೆಗಳಿಗೂ, ಅಪೊಲೊ ಇಳಿದಾಣಗಳಂತಹ ಐತಿಹಾಸಿಕ ಸ್ಥಳಗಳಿಗೂ ಅಪಾಯ ಒಡ್ಡಬಲ್ಲದು. ಚಂದ್ರನತ್ತ ಸಾಗುವ ನೌಕೆಗಳ ಸಂಖ್ಯೆ ಹೆಚ್ಚುತ್ತಿರುವಂತೆ, ಕೆಲಸ ನಿಲ್ಲಿಸಿದ ನೌಕೆಗಳ ಪಥವನ್ನೂ ಲೆಕ್ಕದಲ್ಲಿಟ್ಟುಕೊಳ್ಳುವುದು ಅಗತ್ಯವಾಗಿದೆ. ಚಂದ್ರಯಾನ-1ರ ಪತ್ತೆಗೆ ಬಳಸಿದ ರೇಡಾರ್ ವಿಧಾನ ಈ ಕೆಲಸ ಭೂಮಿಯಿಂದಲೇ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿದೆ.